ಒಂದೇ ಕಾರು, ಎರಡು ಲಿಂಗ: ಜರ್ಮನಿಯ ಹಳೆಗಾಡಿ ಪ್ರಿಯರ ವ್ಯಾಕರಣ

ಜರ್ಮನಿಯ ಹಳೆಗಾಡಿ ಪತ್ರಿಕೆಯ ಕೊನೆಯ ಪುಟಗಳಲ್ಲಿ ‘ಬೇಕಾಗಿದೆ’ ಎಂಬ ಎರಡು ಜಾಹೀರಾತುಗಳಿವೆ ಎಂದುಕೊಳ್ಳಿ. ಒಂದರಲ್ಲಿ ‘ಐನೆನ್ ಆಲ್ಟೆನ್ ಬಿಎಂಡಬ್ಲ್ಯು’ ಎಂದಿದೆ, ಇನ್ನೊಂದರಲ್ಲಿ ‘ಐನೆ ಆಲ್ಟೆ ಬಿಎಂಡಬ್ಲ್ಯು’ ಎಂದಿದೆ. ನಿಘಂಟು ಹಿಡಿದು ಅನುವಾದಿಸಿದರೆ ಎರಡೂ ‘ಒಂದು ಹಳೆಯ ಬಿಎಂಡಬ್ಲ್ಯು’ ಎಂದೇ ಆಗುತ್ತವೆ. ಆದರೆ ಮೊದಲನೆಯವರಿಗೆ ಬೇಕಿರುವುದು ಕಾರು, ಎರಡನೆಯವರಿಗೆ ಬೇಕಿರುವುದು ಮೋಟರ್‌ಸೈಕಲ್. ಯಾವ ವಾಹನ ಎಂದು ಇಬ್ಬರೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಆ ಮಾಹಿತಿಯೆಲ್ಲ ‘ಐನೆನ್’, ‘ಆಲ್ಟೆನ್’ ಪದಗಳ ಕೊನೆಯ ‘ನ್’ ಅಕ್ಷರದಲ್ಲಿದೆ.

ಜರ್ಮನ್ ಭಾಷೆಗೂ ಕನ್ನಡದಂತೆ ಮೂರು ಲಿಂಗ. ನಾಮಪದದ ಮುಂದೆ ಪುಲ್ಲಿಂಗಕ್ಕೆ ‘ಡೆರ್’, ಸ್ತ್ರೀಲಿಂಗಕ್ಕೆ ‘ಡೀ’, ನಪುಂಸಕಕ್ಕೆ ‘ಡಾಸ್’ ಎಂಬ ಗುರುತಿನ ಪದ ಬರುತ್ತದೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕನ್ನಡದಲ್ಲಿ ಲಿಂಗವನ್ನು ತೀರ್ಮಾನಿಸುವುದು ಅರ್ಥ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಪ್ರೀಮಿಯರ್ ಪದ್ಮಿನಿಗೆ ಹೆಣ್ಣಿನ ಹೆಸರೇ ಇದ್ದರೂ ‘ಪದ್ಮಿನಿ ಕೆಟ್ಟು ನಿಂತಿತು’ ಎನ್ನುತ್ತೇವೆಯೇ ಹೊರತು ‘ನಿಂತಳು’ ಎನ್ನುವುದಿಲ್ಲ. ಜರ್ಮನ್‌ನಲ್ಲಿ ನಿರ್ಜೀವ ವಸ್ತುಗಳೂ ಮೂರು ಲಿಂಗಗಳಲ್ಲಿ ಹಂಚಿಹೋಗಿವೆ: ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಇದಕ್ಕೆ ತರ್ಕವೇ ಇಲ್ಲ ಎಂದು ಕಲಿಯುವವರು ಬೇಸರಪಡುತ್ತಾರೆ. ವಾಹನಗಳ ಹೆಸರುಗಳ ಮಟ್ಟಿಗಂತೂ ತರ್ಕ ಇದೆ, ಅದೂ ಸಾಕಷ್ಟು ಬಿಗಿಯಾದ ತರ್ಕ.

ಕಾರಿಗೆ ಜರ್ಮನ್‌ನಲ್ಲಿ ಸಾಮಾನ್ಯ ಪದ ‘ಡಾಸ್ ಔಟೊ’, ಅಂದರೆ ನಪುಂಸಕ. ಹಾಗಿದ್ದೂ ಎಲ್ಲ ಕಾರು ಬ್ರ್ಯಾಂಡ್‌ಗಳೂ ಪುಲ್ಲಿಂಗ: ಡೆರ್ ಪೋರ್ಶೆ, ಡೆರ್ ಬಿಎಂಡಬ್ಲ್ಯು, ಡೆರ್ ಫೆರಾರಿ, ಡೆರ್ ಸ್ಕೋಡಾ. ಮೋಟರ್‌ಸೈಕಲ್‌ಗೆ ‘ಡಾಸ್ ಮೋಟೊರಾಟ್’ ಎನ್ನುತ್ತಾರೆ, ಅದೂ ನಪುಂಸಕ. ಆದರೆ ಬೈಕುಗಳ ಬ್ರ್ಯಾಂಡ್‌ಗಳೆಲ್ಲ ಸ್ತ್ರೀಲಿಂಗ: ಡೀ ಬಿಎಂಡಬ್ಲ್ಯು, ಡೀ ಡುಕಾಟಿ, ಡೀ ಹಾರ್ಲೆ. ಹಡಗು ‘ಡಾಸ್ ಶಿಫ್’, ಆದರೆ ಅದರ ಹೆಸರು ಗಂಡಸಿನದಾದರೂ ‘ಡೀ ಬಿಸ್ಮಾರ್ಕ್’. ವಿಮಾನಗಳಲ್ಲಿ ‘ಡೀ ಬೋಯಿಂಗ್’, ‘ಡೀ ಸೆಸ್ನಾ’. ಏರ್‌ಬಸ್ ಮಾತ್ರ ‘ಡೆರ್’, ಏಕೆಂದರೆ ಅದರ ಬಾಲದಲ್ಲಿರುವ ‘ಬಸ್’ ಪುಲ್ಲಿಂಗ ಪದ.

ಕ್ಲೌಸ್-ಮಿಖಾಯೆಲ್ ಕ್ಯೋಪ್‌ಕೆ ಮತ್ತು ಡೇವಿಡ್ ಝೂಬಿನ್ ಎಂಬ ಭಾಷಾವಿಜ್ಞಾನಿಗಳು 2005ರಲ್ಲಿ ಕಾರಿನ ಹೆಸರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಚರ್ಚಿಸಿದರು. ಬ್ರ್ಯಾಂಡ್ ಹೆಸರಿಗೆ ಸ್ವಂತ ಲಿಂಗವಿಲ್ಲದಿದ್ದಾಗ ಅದು ಯಾವ ಬಗೆಯ ವಸ್ತು ಎಂಬುದೇ ಲಿಂಗವನ್ನು ಕೊಡುತ್ತದೆ. ಹೆಸರಿನ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಪದ ನಿಂತಿದೆ ಎಂದುಕೊಂಡರೆ ವಿಷಯ ಸುಲಭವಾಗುತ್ತದೆ. ಕಾರಿನ ಹಿಂದೆ ‘ಡೆರ್ ವಾಗೆನ್’ (ಬಂಡಿ, ಗಾಡಿ), ಬೈಕು ಮತ್ತು ವಿಮಾನದ ಹಿಂದೆ ‘ಡೀ ಮಶೀನೆ’ (ಯಂತ್ರ). ಜರ್ಮನರು ಬೈಕನ್ನೂ ವಿಮಾನವನ್ನೂ ಮಾತಿನಲ್ಲಿ ಇಂದಿಗೂ ‘ಮಶೀನೆ’ ಎಂದೇ ಕರೆಯುತ್ತಾರೆ. ಹಿಂದಿ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ‘ಗಾಡಿ’ ಸ್ತ್ರೀಲಿಂಗವಾದ್ದರಿಂದ ಅದರ ಬೆನ್ನಿಗೆ ಬರುವ ಕ್ರಿಯಾಪದವೂ ಹಾಗೇ ತಿರುಗುತ್ತದೆ. ಫ್ರೆಂಚ್‌ನಲ್ಲಿ ‘ವ್ವಾತ್ಯೂರ್’ (ಕಾರು) ಸ್ತ್ರೀಲಿಂಗ, ಹಾಗಾಗಿ ಗಡಿ ದಾಟಿದ ಕೂಡಲೇ ಅದೇ ಪೋರ್ಶೆ ಹೆಣ್ಣಾಗುತ್ತದೆ. ಇಟಲಿಯಲ್ಲಿ ‘ಆಟೊಮೊಬಿಲೆ’ ಗಂಡೋ ಹೆಣ್ಣೋ ಎಂಬ ಗೊಂದಲ ಬಹಳ ಕಾಲ ಇತ್ತು. ಕವಿ ಗಾಬ್ರಿಯೆಲೆ ಡಾನುನ್ಸಿಯೊ 1920ರಲ್ಲಿ ಫಿಯಟ್‌ನ ಜೊವಾನಿ ಆನ್ಯೆಲ್ಲಿಗೆ ಪತ್ರ ಬರೆದು ಅದು ಹೆಣ್ಣೇ ಎಂದು ಸಾರಿದ. ಇಟಾಲಿಯನ್‌ನಲ್ಲಿ ನೆಲೆನಿಂತದ್ದೂ ಅದೇ.

ಬ್ರ್ಯಾಂಡ್ ಹೆಸರಿನ ಮೂಲ ಅರ್ಥಕ್ಕೆ ಜರ್ಮನ್ ಕಿವಿಗೊಡುವುದೇ ಇಲ್ಲ. ‘ಮರ್ಸಿಡಿಸ್’ ಎಂಬುದು ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್‌ನ ಮಗಳ ಹೆಸರು. ಆ ಹುಡುಗಿಯ ಬಗ್ಗೆ ಮಾತಾಡಿದರೆ ‘ಡೀ’, ಕಾರಿನ ಬಗ್ಗೆಯಾದರೆ ‘ಡೆರ್ ಮರ್ಸಿಡಿಸ್’. ‘ಪೋರ್ಶೆ’ ಎಕಾರದಲ್ಲಿ ಮುಗಿಯುತ್ತದೆ. ಹಾಗೆ ಮುಗಿಯುವ ವಸ್ತುವಾಚಕಗಳು ಬಹುಪಾಲು ಸ್ತ್ರೀಲಿಂಗ. ಅದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಬ್ರ್ಯಾಂಡ್‌ನಿಂದ ಕೆಳಗಿಳಿದು ಮಾಡೆಲ್ ಹೆಸರಿಗೆ, ಅಲ್ಲಿಂದ ಅಡ್ಡಹೆಸರಿಗೆ ಬಂದಾಗಲೇ ಹಳೆಗಾಡಿ ಲೋಕದ ನಿಜವಾದ ಸೊಗಸು ಕಾಣುವುದು. 1963ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಮರ್ಸಿಡಿಸ್ 230 ಎಸ್‌ಎಲ್ ಎಂಬ ಎರಡು ಸೀಟಿನ ಕಾರು ಹೊರಬಂತು. ಕಳಚಿಡಬಹುದಾದ ಅದರ ಗಟ್ಟಿ ಛಾವಣಿ ನಡುವೆ ತಗ್ಗು, ಎರಡೂ ಪಕ್ಕ ಎತ್ತರ. ಪೂರ್ವ ಏಷ್ಯಾದ ಗುಡಿಗಳ ಮಾಡನ್ನು ನೆನಪಿಸುತ್ತಿದ್ದ ಕಾರಣ ಜನ ಅದನ್ನು ‘ಪಗೋಡೆ’ ಎಂದರು. 250, 280 ಎಸ್‌ಎಲ್‌ಗಳಾಗಿ ಮುಂದುವರಿದು 1971ರವರೆಗೆ ತಯಾರಾದ ಈ ಸರಣಿಗೆ ಇಂದಿಗೂ ಅದೇ ಹೆಸರು. ಪಗೋಡೆ ಸ್ತ್ರೀಲಿಂಗ ಪದ. ಹಾಗಾಗಿ ಗ್ಯಾರೇಜಿನಲ್ಲಿ ನಿಂತಿರುವ ಒಂದೇ ಕಾರು ‘ಡೆರ್ 230 ಎಸ್‌ಎಲ್’ ಕೂಡ ಹೌದು, ‘ಡೀ ಪಗೋಡೆ’ ಕೂಡ ಹೌದು. ಯಾವ ಹೆಸರಿನಿಂದ ಮಾತು ಶುರುಮಾಡಿದಿರೋ ಮುಂದಿನ ಸರ್ವನಾಮಗಳೂ ಅದನ್ನೇ ಹಿಂಬಾಲಿಸಬೇಕು. 230 ಎಸ್‌ಎಲ್ ಎಂದವರು ‘ಅವನು ಸಲೀಸಾಗಿ ಸ್ಟಾರ್ಟ್ ಆಗುತ್ತಾನೆ’ ಎಂಬಂಥ ವಾಕ್ಯ ಹೇಳುತ್ತಾರೆ, ಪಗೋಡೆ ಎಂದವರು ‘ಅವಳು’ ಎನ್ನುತ್ತಾರೆ. ಮೇಲಕ್ಕೆ ತೆರೆಯುವ ಬಾಗಿಲುಗಳ 300 ಎಸ್‌ಎಲ್‌ನ ಅಡ್ಡಹೆಸರು ‘ಫ್ಲ್ಯೂಗೆಲ್‌ಟ್ಯೂರರ್’, ಅಂದರೆ ರೆಕ್ಕೆಬಾಗಿಲಿನವ. ಕೊನೆಯ ‘-ಎರ್’ ಪ್ರತ್ಯಯದಿಂದ ಅದು ಪುಲ್ಲಿಂಗ. ಸಿಟ್ರೊಯೆನ್ 2ಸಿವಿಯನ್ನು ಜರ್ಮನರು ಬಾತುಕೋಳಿ ಎನ್ನುತ್ತಾರೆ: ‘ಡೀ ಎಂಟೆ’.

ಮಾಡೆಲ್ ಹೆಸರುಗಳಲ್ಲಿ ಜಗ್ಗಾಟ ಹೆಚ್ಚು. ಹೆಸರಿನ ಅರ್ಥ ಜರ್ಮನ್ ಕಿವಿಗೆ ಜೀವಂತವಾಗಿದ್ದರೆ ಅದು ತನ್ನ ಲಿಂಗವನ್ನು ಉಳಿಸಿಕೊಳ್ಳುತ್ತದೆ. ಬ್ರೇಮೆನ್ ನಗರದ ಬೋರ್ಗ್‌ವರ್ಡ್ ಕಂಪನಿ 1954ರಲ್ಲಿ ತಂದ ಇಸಾಬೆಲ್ಲಾ ಕಾರು ‘ಡೀ ಇಸಾಬೆಲ್ಲಾ’, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಹೆಣ್ಣಿನ ಹೆಸರು. ಆಲ್ಫಾ ರೋಮಿಯೊದ ಜೂಲಿಯಾ ಪ್ರಿಯರ ಬಾಯಲ್ಲಿ ‘ಡೀ ಜೂಲಿಯಾ’. ಕಾರ್ವೆಟ್ ಒಂದು ಬಗೆಯ ಯುದ್ಧನೌಕೆ, ಕೋಬ್ರಾ ಹಾವು. ಎರಡೂ ಜರ್ಮನ್‌ನಲ್ಲಿ ಮೊದಲೇ ಸ್ತ್ರೀಲಿಂಗ, ಕಾರುಗಳೂ ಹಾಗೆಯೇ ಉಳಿದವು. ಅರ್ಥ ಕಿವಿಗೆ ತಟ್ಟದ ಹೆಸರನ್ನು ‘ವಾಗೆನ್’ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಟಾಲಿಯನ್‌ನಲ್ಲಿ ಫಲಕ ಎಂಬರ್ಥದ ‘ಟಾರ್ಗಾ’ ಸ್ತ್ರೀಲಿಂಗ. ಸಿಸಿಲಿಯಲ್ಲಿ 1906ರಲ್ಲಿ ಆರಂಭವಾದ ರೇಸು ಜರ್ಮನ್‌ನಲ್ಲೂ ‘ಡೀ ಟಾರ್ಗಾ ಫ್ಲೋರಿಯೊ’. ಆ ರೇಸಿನ ಹೆಸರು ಹೊತ್ತು 1965ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಾಣಿಸಿಕೊಂಡ, ತೆಗೆದಿಡಬಹುದಾದ ಮಾಡಿನ ಪೋರ್ಶೆ 911 ಮಾತ್ರ ‘ಡೆರ್ ಟಾರ್ಗಾ’. ಕರೇರಾ ಕಥೆಯೂ ಇದೇ: ಮೆಕ್ಸಿಕೊದ ರೇಸು ‘ಡೀ’, ಪೋರ್ಶೆ ‘ಡೆರ್’. ‘ಟಾರ್ಗಾ ಮಾರಾಟಕ್ಕಿದೆ’ ಎಂದು ಬರೆಯುವಾಗ ‘ಡೀ’ ಹಾಕಿದರೆ ಅರ್ಥವೇನೂ ಕೆಡುವುದಿಲ್ಲ. ಬರೆದವರು ಆ ಕಾರಿನೊಡನೆ ಬೆಳೆದವರಲ್ಲ ಎಂಬುದು ಮಾತ್ರ ಓದುವವರಿಗೆ ಕೂಡಲೇ ತಿಳಿಯುತ್ತದೆ.

ಕಾರಿನ ದೇಹದ ಬಗೆಯನ್ನು ಹೆಸರಿಗೆ ಸೇರಿಸಿದಾಗ ಇನ್ನೊಂದು ತಿರುವು ಬರುತ್ತದೆ. ಕೂಪೆ ಮತ್ತು ಕ್ಯಾಬ್ರಿಯೊ ನಪುಂಸಕ, ಲಿಮೊಸಿನ್ (ನಾಲ್ಕು ಬಾಗಿಲಿನ ಮಾಮೂಲಿ ಸೆಡಾನ್) ಸ್ತ್ರೀಲಿಂಗ, ರೋಡ್‌ಸ್ಟರ್ ಪುಲ್ಲಿಂಗ. ಆದ್ದರಿಂದ ‘ಡೆರ್ ಪೋರ್ಶೆ’ ಎಂಬುದು ‘ಡಾಸ್ ಪೋರ್ಶೆ ಕ್ಯಾಬ್ರಿಯೊ’ ಆಗುತ್ತದೆ. ಕನ್ನಡ ವ್ಯಾಕರಣ ಓದಿದವರಿಗೆ ತತ್ಪುರುಷ ಸಮಾಸ ನೆನಪಿರಬೇಕು, ಅಲ್ಲಿ ಉತ್ತರಪದಕ್ಕೇ ಪ್ರಾಧಾನ್ಯ. ಜರ್ಮನ್ ಸಮಾಸದಲ್ಲಿ ಲಿಂಗವನ್ನು ಕೊಡುವುದೂ ಉತ್ತರಪದವೇ.

ಹಾಗಾದರೆ ಜರ್ಮನರ ಮನಸ್ಸಿನಲ್ಲಿ ಪೋರ್ಶೆ ಗಂಡಸಿನಂತೆ ನಿಂತಿದೆಯೇ? ಇಲ್ಲಿ ಎಚ್ಚರ ಬೇಕು. ವ್ಯಾಕರಣದ ಲಿಂಗ ವಸ್ತುಗಳ ಬಗೆಗಿನ ಕಲ್ಪನೆಯನ್ನೇ ಬದಲಿಸುತ್ತದೆ ಎಂಬ ಮಾತಿಗೆ 2003ರಲ್ಲಿ ಲೆರಾ ಬೊರೊಡಿಟ್‌ಸ್ಕಿ ಮತ್ತು ಸಂಗಡಿಗರು ವಿವರಿಸಿದ ಪ್ರಯೋಗವೊಂದು ತುಂಬ ಪ್ರಸಿದ್ಧಿ ತಂದಿತು. ಬೀಗದ ಕೈ ಜರ್ಮನ್‌ನಲ್ಲಿ ಪುಲ್ಲಿಂಗ, ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗ. ಅದನ್ನು ಬಣ್ಣಿಸುವಾಗ ಜರ್ಮನರು ‘ಭಾರವಾದ’, ‘ಗಡುಸಾದ’ ಎಂಬಂಥ ಪದಗಳನ್ನೂ ಸ್ಪ್ಯಾನಿಷ್ ಮಾತಾಡುವವರು ‘ಪುಟ್ಟ’, ‘ಹೊಂಬಣ್ಣದ’ ಎಂಬಂಥ ಪದಗಳನ್ನೂ ಬಳಸಿದರೆಂದು ಅದು ಹೇಳಿತು. ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ನಡೆಸಿ 2014ರಲ್ಲಿ ವರದಿ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ‘ಡೆರ್’ ಎಂಬ ಒಂದು ಪದದ ಮೇಲೆ ಗಂಡಸುತನದ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಪಗೋಡೆಯ ಮಾಲೀಕರು ಕಾರು ಬದಲಿಸದೆಯೇ ದಿನಕ್ಕೆ ಹತ್ತು ಸಲ ಲಿಂಗ ಬದಲಿಸುತ್ತಾರೆ ಎಂಬುದೇ ಇದಕ್ಕೆ ಸಾಕ್ಷಿ. ಗಟ್ಟಿಯಾಗಿ ನಿಲ್ಲುವ ಫಲಿತಾಂಶ ಬೇರೆ: ತಪ್ಪು ಲಿಂಗ ಕಿವಿಗೆ ಬಿದ್ದಾಗ ಮಾತೃಭಾಷಿಕರ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಸುಮಾರು 600 ಮಿಲಿಸೆಕೆಂಡಿಗೆ ಏರಿಕೆಯೊಂದು ಕಾಣುತ್ತದೆ, ವಾಕ್ಯರಚನೆ ತಪ್ಪಿದಾಗ ಕಾಣುವಂಥದೇ. ಅಂದರೆ ಲಿಂಗ ವಸ್ತುವಿನ ಸ್ವಭಾವ ಹೇಳುವುದಕ್ಕಿಂತ ಹೆಚ್ಚಾಗಿ ಯಾವ ಪದ ಯಾವುದಕ್ಕೆ ಸೇರಿದ್ದು ಎಂದು ಕಟ್ಟಿಹಾಕುವ ದಾರ.

ಆ ದಾರ ಎಷ್ಟು ಉಪಯುಕ್ತ ಎಂಬುದು ರಿಪೇರಿ ಕೈಪಿಡಿ ತೆರೆದಾಗ ತಿಳಿಯುತ್ತದೆ. ‘ಟ್ಯಾಪೆಟ್ ಕವರನ್ನು ಗ್ಯಾಸ್ಕೆಟ್ ಸಮೇತ ತೆಗೆಯಿರಿ, ಅದು ಸೀಳಿದ್ದರೆ ಬದಲಿಸಿ’ ಎಂದು ಕನ್ನಡದಲ್ಲಿ ಬರೆದರೆ ಸೀಳಿರುವುದು ಯಾವುದು? ಜರ್ಮನ್‌ನಲ್ಲಿ ಕವರು ‘ಡೆರ್ ಡೆಕೆಲ್’, ಗ್ಯಾಸ್ಕೆಟ್ ‘ಡೀ ಡಿಷ್ಟುಂಗ್’. ಸರ್ವನಾಮ ‘ಝೀ’ (ಅವಳು) ಎಂದಿದ್ದರೆ ಗ್ಯಾಸ್ಕೆಟ್ ಬದಲಿಸಬೇಕು, ‘ಎರ್’ (ಅವನು) ಎಂದಿದ್ದರೆ ಕವರನ್ನೇ ಬದಲಿಸಬೇಕು. ಯಂತ್ರಾನುವಾದದಲ್ಲಿ ಎರಡೂ ‘ಅದು’ ಆಗಿ ಈ ಮಾಹಿತಿ ಕಳೆದುಹೋಗಬಹುದು. ಅನುಮಾನ ಬಂದ ಕಡೆ ಮೂಲದ ಸರ್ವನಾಮ ನೋಡಿಯೇ ಪಾನಾ ಎತ್ತಿಕೊಳ್ಳಿ.

ಬಿಡಿಭಾಗಗಳ ಲಿಂಗವನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ, ಪದದ ಕೊನೆ ನೋಡಿದರೆ ಬಹುಪಾಲು ದಕ್ಕುತ್ತದೆ. ಕ್ರಿಯಾಪದಕ್ಕೆ ‘-ಎರ್’ ಹತ್ತಿ ‘ಆ ಕೆಲಸ ಮಾಡುವವ’ ಎಂಬರ್ಥ ಬಂದಿದ್ದರೆ ಪುಲ್ಲಿಂಗ: ಫೆರ್‌ಗಾಸರ್ (ಕಾರ್ಬುರೇಟರ್), ಆನ್‌ಲಾಸರ್ (ಸ್ಟಾರ್ಟರ್), ಕ್ಯೂಲರ್ (ರೇಡಿಯೇಟರ್), ಫೆರ್‌ಟೈಲರ್ (ಡಿಸ್ಟ್ರಿಬ್ಯೂಟರ್). ‘-ಉಂಗ್’ ಇದ್ದರೆ ತಪ್ಪದೆ ಸ್ತ್ರೀಲಿಂಗ: ಕುಪ್ಲುಂಗ್ (ಕ್ಲಚ್), ಲೆಂಕುಂಗ್ (ಸ್ಟೀರಿಂಗ್ ವ್ಯವಸ್ಥೆ). ಎಕಾರಾಂತ ಭಾಗಗಳೂ ಸಾಮಾನ್ಯವಾಗಿ ಸ್ತ್ರೀಲಿಂಗ: ವೆಲ್ಲೆ (ಶಾಫ್ಟ್), ಪುಂಪೆ (ಪಂಪು), ಬ್ರೆಮ್‌ಝೆ (ಬ್ರೇಕ್). ಆದರೆ ಮೊದಲಲ್ಲಿ ‘ಗೆ-’, ಕೊನೆಯಲ್ಲಿ ಎಕಾರ ಎರಡೂ ಇದ್ದರೆ ನಪುಂಸಕ: ಗೆಟ್ರೀಬೆ (ಗೇರ್‌ಬಾಕ್ಸ್), ಗೆಹೊಯ್ಝೆ (ಹೌಸಿಂಗ್), ಗೆವಿಂಡೆ (ತಿರುಪಿನ ಸುತ್ತುಗೆರೆ). ‘-ಎನ್’ ಕೊನೆಯ ಕೋಲ್ಬೆನ್ (ಪಿಸ್ಟನ್), ರೈಫೆನ್ (ಟೈರು), ಬೋಲ್ಟ್‌ಸೆನ್ (ಪಿನ್ನು) ಪುಲ್ಲಿಂಗ. ಕೈಕೊಡುವುದು ‘-ಎರ್’ ಇದ್ದೂ ಆ ಅರ್ಥ ಇಲ್ಲದವು. ಬೇರಿಂಗ್ ‘ಡಾಸ್ ಲಾಗರ್’, ಸ್ಪ್ರಿಂಗು ‘ಡೀ ಫೇಡರ್’, ನಟ್ಟು ‘ಡೀ ಮುಟರ್’. ಕೊನೆಯದಕ್ಕೆ ತಾಯಿ ಎಂಬ ಅರ್ಥವೂ ಇದೆ. ಲಿಂಗ ಒಂದೇ ಆದ್ದರಿಂದ ಬೇರ್ಪಡಿಸುವುದು ಬಹುವಚನ: ತಾಯಂದಿರು ‘ಮ್ಯೂಟರ್’, ನಟ್ಟುಗಳು ‘ಮುಟರ್ನ್’. ಹಳೆಯ 911ರ ಚಕ್ರದ ನಟ್ಟುಗಳನ್ನು 130 ನ್ಯೂಟನ್ ಮೀಟರ್‌ಗೆ ಬಿಗಿಮಾಡುವ ಸೂಚನೆಯಲ್ಲಿ ಸಿಗುವುದು ‘ರಾಟ್‌ಮುಟರ್ನ್’.

ಭಾಗ ತರಿಸಲು ಪತ್ರ ಬರೆಯುವವರಿಗೆ ಕಾಲುತೊಡಕಾಗುವುದು ವಿಭಕ್ತಿ. ‘ಫ್ಯೂರ್’ (ಗಾಗಿ) ಆದಮೇಲೆ ದ್ವಿತೀಯೆ ಬರಬೇಕು: ಕಾರಿಗಾದರೆ ‘ಫ್ಯೂರ್ ಮೈನೆನ್ ಬಿಎಂಡಬ್ಲ್ಯು’, ಬೈಕಿಗಾದರೆ ‘ಫ್ಯೂರ್ ಮೈನೆ’. ಮಾಡೆಲ್ ಸಂಖ್ಯೆ ಬರೆಯದೆ ‘ಮೈನೆ’ ಎಂದರೆ ಅಂಗಡಿಯವರು ಹುಡುಕುವುದು ಬೈಕಿನ ಬಿಂಗ್ ಬ್ರ್ಯಾಂಡಿನ ಕಾರ್ಬುರೇಟರನ್ನು, ಬಿಎಂಡಬ್ಲ್ಯು 2002 ಎಂಬ ಮಾಡೆಲ್‌ನ ಕಾರಿನ ಸೋಲೆಕ್ಸ್ ಕಾರ್ಬುರೇಟರನ್ನಲ್ಲ. ಚತುರ್ಥಿಯಲ್ಲಿ ಬಲೆ ಇನ್ನೂ ಸೂಕ್ಷ್ಮ, ಅಲ್ಲಿ ಸ್ತ್ರೀಲಿಂಗದ ‘ಡೀ’ ಕೂಡ ‘ಡೆರ್’ ಆಗುತ್ತದೆ. ‘ಮಿಟ್ ಡೆರ್ ಬಿಎಂಡಬ್ಲ್ಯು’ ಬಂದೆ ಎಂದವರು ಬಂದಿರುವುದು ಬೈಕಿನಲ್ಲಿ, ಕಾರಾಗಿದ್ದರೆ ‘ಮಿಟ್ ಡೇಮ್’ ಎನ್ನುತ್ತಿದ್ದರು. ಬಹುವಚನದಲ್ಲಿ ಲಿಂಗವೇ ಮರೆಯಾಗುತ್ತದೆ. ಜಾಹೀರಾತಿನಲ್ಲಿ ‘ಐನೆ’ ಇಲ್ಲದೆ ಬರೀ ‘ಆಲ್ಟೆ ಬಿಎಂಡಬ್ಲ್ಯು’ ಇದ್ದರೆ ಅದು ಒಂದು ಬೈಕೂ ಆಗಬಹುದು, ಹಲವು ಕಾರುಗಳೂ ಆಗಬಹುದು. ಆಗ ಎಂಜಿನ್ನಿನ ಸಿಸಿ ನೋಡುವುದೊಂದೇ ದಾರಿ.

ಲಿಂಗ ಬದಲಾದರೆ ಪದವೇ ಬೇರೆಯಾಗುವುದೂ ಉಂಟು. ‘ಡಾಸ್ ಷ್ಟೊಯರ್’ ಎಂದರೆ ಸ್ಟೀರಿಂಗ್, ‘ಡೀ ಷ್ಟೊಯರ್’ ಎಂದರೆ ತೆರಿಗೆ. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ನಂಬರಿನ ಕೊನೆಯಲ್ಲಿ ‘ಎಚ್’ ಅಕ್ಷರವಿರುವ ಫಲಕ ಸಿಗುತ್ತದೆ, 1997ರಿಂದ ಈ ಪದ್ಧತಿ ಇದೆ. ಈ ಫಲಕಕ್ಕೆ ವರ್ಷದ ತೆರಿಗೆ ನಿಗದಿತ: ‘ಡೆರ್ ಬಿಎಂಡಬ್ಲ್ಯು’ಗೆ 191.73 ಯೂರೊ, ‘ಡೀ ಬಿಎಂಡಬ್ಲ್ಯು’ಗೆ 46.02 ಯೂರೊ.