ದನಿ ಕೇಳಿ ಬಾಗಿಲು ತೆಗೆಯುವ ಕೆಲಸ: ಪಾಸ್‌ವರ್ಡ್ ರೀಸೆಟ್ ನಡೆದುಬಂದ ದಾರಿ

ಶಿರಸಿ ಪೇಟೆಯಲ್ಲಿ ಗುರುತಿಲ್ಲದ ಹುಡುಗನೊಬ್ಬ ಎದುರಾದರೆ ಹಿರಿಯರು ಮೊದಲು ಹೆಸರು ಕೇಳುವುದಿಲ್ಲ. "ಯಾರ ಮನೆ ಮಾಣಿ ನೀನು?" ಎನ್ನುತ್ತಾರೆ. ಅದರ ಬೆನ್ನಿಗೇ "ಆಯಿ ತವರ್ಮನೆ ಎಲ್ಲಾತು?" ಇಷ್ಟು ಗೊತ್ತಾದರೆ ಅಜ್ಜ ಯಾರು, ಅಕ್ಕನನ್ನು ಯಾವ ಊರಿಗೆ ಕೊಟ್ಟಿದ್ದಾರೆ, ತೋಟ ಎಷ್ಟು ಎಂಬುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಬ್ಯಾಂಕುಗಳೂ 19ನೇ ಶತಮಾನದಲ್ಲಿ ಗಿರಾಕಿಗಳನ್ನು ಗುರುತಿಸಲು ಇಂಥವೇ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದವು. ತಾಯಿಯ ತವರಿನ ಹೆಸರು ಹೇಳಿದವನೇ ಖಾತೆದಾರ. ನೂರು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಕಂಪ್ಯೂಟರಿನೊಳಗೆ ಬಂದು ಕೂತಿತು, ಪಾಸ್‌ವರ್ಡ್ ಮರೆತವರನ್ನು ಗುರುತಿಸುವ ಕೆಲಸಕ್ಕೆ. ನಮ್ಮ ಊರಲ್ಲಿ ಅದರ ಉತ್ತರ ಅರ್ಧ ತಾಲ್ಲೂಕಿಗೆ ಗೊತ್ತಿರುತ್ತದೆ.

ನಾನು ಏಳು ವರ್ಷ ಐಟಿ ಹೆಲ್ಪ್‌ಡೆಸ್ಕ್‌ನಲ್ಲಿದ್ದೆ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಆಫೀಸು ಮುಚ್ಚಿದಾಗ ಲ್ಯಾಪ್‌ಟಾಪ್ ಕಟ್ಟಿಕೊಂಡು ಶಿರಸಿ ಹತ್ತಿರದ ಮನೆಗೆ ಬಂದೆ. ಟೀಮ್ ಲೀಡ್ ಕಾರವಾರದಲ್ಲಿ, ಜೊತೆಯವರಿಬ್ಬರು ಕುಮಟಾದಲ್ಲಿ, ಉಳಿದವರು ಎಲ್ಲೆಲ್ಲೋ. ದಿನಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನವು: "ಅಕೌಂಟ್ ಲಾಕ್ ಆಗಿದೆ, ರೀಸೆಟ್ ಮಾಡಿಕೊಡಿ." ಹೊರಗಿನವರ ಕಣ್ಣಿಗೆ ಇದು ಗುಮಾಸ್ತಿಕೆ. ಒಂದು ಕಂಪನಿಯ ಹೆಬ್ಬಾಗಿಲಿನ ಕೀಲಿಕೈಯನ್ನು ಮುಖ ಕಾಣದವರ ಕೈಗೆ ದಿನಕ್ಕೆ ಮೂವತ್ತು ಸಲ ಕೊಡುವ ಕೆಲಸ ಎಂಬುದು ಮಾಡಿದವರಿಗೆ ಮಾತ್ರ ಗೊತ್ತು.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ತಂಡ ಕಟ್ಟಿತ್ತು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣಬಾರದು ಎಂಬುದಷ್ಟೇ ಉದ್ದೇಶ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರದ ಸಮಯ ಸಾಲದೆ, ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿ ಪಡೆದುಕೊಂಡ. 1966ರಲ್ಲಿ ಅದೇ ಯಂತ್ರದಲ್ಲಿ ಇನ್ನೊಂದು ಎಡವಟ್ಟಾಯಿತು. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿ ಕಾಣಿಸಿತು. ನೋಡಿಕೊಳ್ಳುವವರು ಕೂತು ಎಲ್ಲರ ಪಾಸ್‌ವರ್ಡ್ ಬದಲಿಸಬೇಕಾಯಿತು. ಅವತ್ತು ಅವರಿಗೆ ಒಂದು ಅನುಕೂಲವಿತ್ತು. ಬಳಸುವವರೆಲ್ಲ ಹೆಚ್ಚುಕಡಿಮೆ ಒಂದೇ ಆವರಣದವರು. ಹೊಸ ಪಾಸ್‌ವರ್ಡ್ ಕೇಳಿಕೊಂಡು ಬಂದವನ ಮುಖ ನೋಡಿ ಕೊಡಬಹುದಿತ್ತು.

ಆಮೇಲಿನ ದಶಕಗಳಲ್ಲಿ ತಂತ್ರಜ್ಞರ ಗಮನವೆಲ್ಲ ಪಾಸ್‌ವರ್ಡನ್ನು ಬಚ್ಚಿಡುವುದರ ಮೇಲೆ ಹೋಯಿತು. ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ದುಡಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲಿ, ಪಾಸ್‌ವರ್ಡನ್ನು ಹಾಗೇ ಇಡದೆ ತಿರುಗಿಸಿ ಓದಲಾಗದ ರೂಪಕ್ಕೆ ಅರೆದು, ಪ್ರತಿಯೊಂದಕ್ಕೂ ಚಿಟಿಕೆ 'ಉಪ್ಪು' (ಬೇರೆ ಬೇರೆಯಾದ ಒಂದಿಷ್ಟು ಗೊತ್ತುಗುರಿಯಿಲ್ಲದ ಅಂಕೆ) ಸೇರಿಸಿ ಇಡುವ ಬಗೆಯನ್ನು ವಿವರಿಸಿದರು. ಇವತ್ತಿಗೂ ಅದೇ ತಳಹದಿ. ಅದರ ಪರಿಣಾಮ ಹೆಲ್ಪ್‌ಡೆಸ್ಕ್‌ನವರ ಮೇಲೆ ನೇರವಾಗಿ ಆಯಿತು. ಮರೆತ ಪಾಸ್‌ವರ್ಡ್ ಯಾವುದೆಂದು ಹೇಳಲು ಈಗ ಯಾರಿಗೂ ಸಾಧ್ಯವಿಲ್ಲ. ಹಳೆಯದನ್ನು ಅಳಿಸಿ ಹೊಸದು ಕೊಡುವುದೊಂದೇ ದಾರಿ. ಬೀಗ ಗಟ್ಟಿಯಾದಷ್ಟೂ ಬೀಗ ಬದಲಿಸಿಕೊಡುವವನ ಮೇಲೆ ಭಾರ ಬಿತ್ತು.

ಆ ಭಾರವನ್ನು ಹೆಚ್ಚಿಸಿದ ಕಾಗದವೊಂದು 2003ರಲ್ಲಿ ಬಂತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಬಿಲ್ ಬರ್ ಬರೆದ ಮಾರ್ಗಸೂಚಿ ಅದು. ದೊಡ್ಡಕ್ಷರ, ಅಂಕೆ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಎಂಬ ಪಾಠ ಜಗತ್ತಿನ ಕಂಪನಿಗಳಿಗೆಲ್ಲ ಹರಡಿತು. ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಸಾಯುತ್ತಿತ್ತು. ಜನ ಕೊನೆಯ ಅಂಕೆ ಒಂದನ್ನು ಎರಡು ಮಾಡಿ ಮುಂದೆ ಹೋದರು, ಅಥವಾ ಮರೆತರು. ಫೋನಿನ ಇಮೇಲ್‌ನಲ್ಲಿ ಹಳೆಯ ಪಾಸ್‌ವರ್ಡ್ ಉಳಿದು, ಅದು ಸುಮ್ಮನೆ ಬಾಗಿಲು ಬಡಿಯುತ್ತಲೇ ಇದ್ದು ಅಕೌಂಟ್ ಲಾಕ್ ಆಗುವುದು ನಮಗೆ ಸೋಮವಾರದ ಬೆಳಗಿನ ನಿತ್ಯಪೂಜೆ. 2017ರಲ್ಲಿ ಬರ್ ಅವರೇ ಆ ಸಲಹೆಯ ಬಗ್ಗೆ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಅದೇ ವರ್ಷ ನಿಸ್ಟ್ ಕಾರಣವಿಲ್ಲದೆ ಅವಧಿಗೊಮ್ಮೆ ಬದಲಿಸುವ ನಿಯಮವನ್ನು ಕೈಬಿಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ನ ಭದ್ರತಾ ಶಿಫಾರಸಿನಿಂದ ಅದನ್ನು ತೆಗೆಯಿತು. ಎಷ್ಟೋ ಕಂಪನಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಇದು ಸಣ್ಣ ಸಂಗತಿಯಲ್ಲ. ದಿನಕ್ಕೆ ಇಪ್ಪತ್ತು ಅನಗತ್ಯ ರೀಸೆಟ್ ಮಾಡುವವನ ಕಣ್ಣಿಗೆ ಇಪ್ಪತ್ತೊಂದನೆಯ ಕರೆಯಲ್ಲಿ ಬಂದ ಕಳ್ಳ ಬೀಳುವುದಿಲ್ಲ.

ಗುರುತು ಪ್ರಶ್ನೆಗಳ ಹಣೆಬರಹ ಬಯಲಾದದ್ದು 2008ರಲ್ಲಿ. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ. ಪಾಸ್‌ವರ್ಡನ್ನು ಒಡೆಯುವ ಗೋಜಿಗೇ ಅವನು ಹೋಗಲಿಲ್ಲ. ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಕಂಡ ಜಾಗ, ಇಷ್ಟನ್ನು ಹುಡುಕಿ ರೀಸೆಟ್ ಮಾಡಿಕೊಂಡ. ಕಾರವಾರದ 581301, ಶಿರಸಿಯ 581401 ಮದುವೆ ಕರೆಯೋಲೆಯ ಮೇಲೇ ಅಚ್ಚಾಗಿರುತ್ತವೆ. 2015ರಲ್ಲಿ ಗೂಗಲ್ ಸಂಶೋಧಕರು ತಮ್ಮದೇ ಬಳಕೆದಾರರ ದತ್ತಾಂಶ ಪರೀಕ್ಷಿಸಿದಾಗ, ಇಂಗ್ಲಿಷ್ ಭಾಷಿಕರ 'ಇಷ್ಟದ ತಿನಿಸು' ಯಾವುದೆಂದು ಒಂದೇ ಊಹೆಯಲ್ಲಿ ಹೇಳುವ ಸಾಧ್ಯತೆ ಶೇ 19.7ರಷ್ಟಿತ್ತು. ಇನ್ನೊಂದೆಡೆ ಅಮೆರಿಕದ ಇಂಗ್ಲಿಷ್ ಭಾಷಿಕರಲ್ಲಿ ಶೇ 40ರಷ್ಟು ಮಂದಿಗೆ ಬೇಕಾದಾಗ ತಾವೇ ಕೊಟ್ಟ ಉತ್ತರ ನೆನಪಿರಲಿಲ್ಲ. ಕಳ್ಳನಿಗೆ ಹೊಳೆದದ್ದು ಯಜಮಾನನಿಗೆ ಹೊಳೆಯದ ಬೀಗ ಅದು.

ಫೋನಿನ ಆ ಬದಿಯ ಮನುಷ್ಯನನ್ನೇ ಬೀಗವಾಗಿ ನೋಡುವ ಕಲೆ ಇದಕ್ಕೂ ಹಳೆಯದು. 1995ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಹ್ಯಾಕರ್ ಕೆವಿನ್ ಮಿಟ್ನಿಕ್ ಹೆಸರಾದದ್ದು ಕೀಬೋರ್ಡಿನಷ್ಟೇ ಮಾತಿನ ಬಲದಿಂದ. 2012ರಲ್ಲಿ ಪತ್ರಕರ್ತ ಮ್ಯಾಟ್ ಹೊನಾನ್ ಅವರ ಡಿಜಿಟಲ್ ಬದುಕನ್ನು ಒಂದೇ ಗಂಟೆಯಲ್ಲಿ ಅಳಿಸಿಹಾಕಿದವರು ಎರಡು ಕಂಪನಿಗಳ ಗ್ರಾಹಕ ಸೇವೆಗೆ ಫೋನ್ ಮಾಡಿದ್ದರು. ಒಂದು ಕಂಪನಿ ನಾಲ್ಕು ಜನರಿಗೆ ಕಾಣಲಿ ಎಂದು ತೋರಿಸುತ್ತಿದ್ದ ಕಾರ್ಡಿನ ಕೊನೆಯ ನಾಲ್ಕು ಅಂಕೆಗಳನ್ನೇ ಇನ್ನೊಂದು ಕಂಪನಿ ಗುಟ್ಟೆಂದು ನಂಬಿತ್ತು.

ಇಷ್ಟರ ಮೇಲೆ ಬಂತು 2020. ಮನೆಯಿಂದ ಕೆಲಸ ಎಂದರೆ ನೆಟ್‌ವರ್ಕ್ ಹುಡುಕುವುದೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೊಪ್ಪಿನ ಬೆಟ್ಟದ ತುದಿಯಲ್ಲಿ ಎರಡು ಕಡ್ಡಿ ಸಿಗ್ನಲ್, ಮನೆಯೊಳಗೆ ಸೊನ್ನೆ. ಆಷಾಢದ ಮಳೆಗೆ ಮರ ಬಿದ್ದು ಲೈನ್ ಹರಿದರೆ ಮೂರು ದಿನ ಕರೆಂಟಿಲ್ಲ; ಟವರಿನ ಬ್ಯಾಟರಿ ಅದಕ್ಕೂ ಮುಂಚೆ ಸಾಯುತ್ತದೆ. ಓಟಿಪಿ ಬರುವುದಿಲ್ಲ. ನೋಂದಾಯಿತ ನಂಬರಿಗೆ ವಾಪಸ್ ಕರೆ ಮಾಡೋಣವೆಂದರೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ'. ಆಗ ಕರೆ ಮಾಡಿದವರು ಹೇಳುವ ಮಾತು ನಿಜವೇ ಆಗಿರುತ್ತದೆ: "ಅಣ್ಣಾ, ಇದು ಪಕ್ಕದ ಮನೆಯವರ ಫೋನು, ನನ್ನದಕ್ಕೆ ನೆಟ್‌ವರ್ಕಿಲ್ಲ, ಹೇಗಾದರೂ ಮಾಡಿಕೊಡಿ." ನಿಯಮಕ್ಕೆ ಹೊರತಾದ ರೀಸೆಟ್‌ಗಳು ಹುಟ್ಟುವುದು ಈ ದಯೆಯಿಂದ. ಕಳ್ಳನೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾನೆ.

ನನಗೆ ಅದು ಆಯಿತು. ಒಂದು ರಾತ್ರಿ ಪಾಳಿಯಲ್ಲಿ ಕರೆ ಮಾಡಿದವನು ಉದ್ಯೋಗಿ ಸಂಖ್ಯೆ, ಹುಟ್ಟಿದ ದಿನ, ಮ್ಯಾನೇಜರ್ ಹೆಸರು ಮೂರನ್ನೂ ತಪ್ಪಿಲ್ಲದೆ ಹೇಳಿದ. ನಮ್ಮ ಪಟ್ಟಿಯಲ್ಲಿ ಇದ್ದದ್ದೂ ಆ ಮೂರೇ ಪ್ರಶ್ನೆ. ರೀಸೆಟ್ ಮಾಡಿ ತಾತ್ಕಾಲಿಕ ಪಾಸ್‌ವರ್ಡನ್ನು ಬಾಯಲ್ಲೇ ಹೇಳಿದೆ. ಮುಕ್ಕಾಲು ಗಂಟೆಗೆ ನಿಜವಾದ ಉದ್ಯೋಗಿ ಫೋನ್ ಮಾಡಿ, "ನನ್ನನ್ನು ಯಾಕೆ ಹೊರಗೆ ಹಾಕಿದಿರಿ?" ಎಂದು ಕೇಳಿದಾಗ ಕೈಕಾಲು ತಣ್ಣಗಾಯಿತು. ಬೇಗ ತಡೆದದ್ದರಿಂದ ದೊಡ್ಡ ಹಾನಿಯಾಗಲಿಲ್ಲ. ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಯಾಕೆ ಅನುಮಾನ ಬರಲಿಲ್ಲ ಎಂದು. ಕರೆಯನ್ನು ಇಷ್ಟು ನಿಮಿಷದೊಳಗೆ ಮುಗಿಸಬೇಕೆಂದು ತಿಂಗಳ ಅಂಕ ಕೊಡುವವರೂ ಅವರೇ ಆಗಿದ್ದರು.

ಆಫೀಸಿನಲ್ಲಾದರೆ ಕುರ್ಚಿ ತಿರುಗಿಸಿ ಪಕ್ಕದವರನ್ನು ಕೇಳುತ್ತಿದ್ದೆ, "ಅಕ್ಕಾ, ಈ ಕರೆ ಯಾಕೋ ಸರಿ ಕಾಣ್ತಿಲ್ಲ, ಸ್ವಲ್ಪ ಕೇಳಿ ನೋಡಿ." ಹೆಲ್ಪ್‌ಡೆಸ್ಕ್ ಮನೆಗಳಿಗೆ ಚದುರಿದಾಗ ಕಳೆದುಹೋದದ್ದು ಆ ಪಕ್ಕದ ಕಿವಿ. ಇದನ್ನು ಯಾವ ನಷ್ಟದ ಲೆಕ್ಕದಲ್ಲೂ ಯಾರೂ ಬರೆದಿಡಲಿಲ್ಲ.

ಕಳ್ಳರು ಬೇಗ ಅರ್ಥಮಾಡಿಕೊಂಡರು. 2020ರ ಜುಲೈನಲ್ಲಿ ಟ್ವಿಟರ್ ನೌಕರರಿಗೆ ಹೆಲ್ಪ್‌ಡೆಸ್ಕ್‌ನವರೆಂದು ಹೇಳಿಕೊಂಡು ಫೋನ್ ಬಂತು. ಮನೆಯಿಂದ ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್‌ನ ತೊಂದರೆ ಸರಿಮಾಡುತ್ತೇವೆ ಎಂಬುದು ನೆಪ. ಎಲ್ಲರೂ ಮನೆಯಲ್ಲಿದ್ದ ಕಾಲ, ವಿಪಿಎನ್ ತೊಂದರೆ ಎಲ್ಲರಿಗೂ ಇತ್ತು. ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಂಡವರು 130 ಖಾತೆಗಳಿಗೆ ಗುರಿಯಿಟ್ಟರು. ಇಲ್ಲಿ ಪಾತ್ರ ತಿರುಗಿದ್ದನ್ನು ಗಮನಿಸಬೇಕು. ಹೆಲ್ಪ್‌ಡೆಸ್ಕ್ ಉದ್ಯೋಗಿಯನ್ನು ಗುರುತಿಸಿದಂತೆ ಉದ್ಯೋಗಿಯೂ ಹೆಲ್ಪ್‌ಡೆಸ್ಕನ್ನು ಗುರುತಿಸಬೇಕು. ಆ ಎರಡನೆಯ ಅರ್ಧಕ್ಕೆ ಹೆಚ್ಚಿನ ಕಡೆ ವ್ಯವಸ್ಥೆಯೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಎಂಜಿಎಂ ರೆಸಾರ್ಟ್ಸ್‌ನ ಜೂಜಿನ ಯಂತ್ರಗಳು, ಕೋಣೆಯ ಡಿಜಿಟಲ್ ಕೀಲಿಗಳು ಕೈಕೊಟ್ಟವು. ಹೆಲ್ಪ್‌ಡೆಸ್ಕ್‌ಗೆ ಬಂದ ಒಂದು ಕರೆಯಿಂದ ಇದು ಶುರುವಾಯಿತೆಂದು ವರದಿಯಾಯಿತು. ಕಂಪನಿ ಲೆಕ್ಕ ಹಾಕಿದ ನಷ್ಟ ಸುಮಾರು 10 ಕೋಟಿ ಡಾಲರ್. ನಮ್ಮ ದೇಶದ ಹುಡುಗ ಹುಡುಗಿಯರಿಗೆ ಇನ್ನೂ ಹತ್ತಿರದ್ದು 2025ರ ಜುಲೈನ ದಾವೆ. ಸ್ವಚ್ಛತಾ ಸಾಮಗ್ರಿ ತಯಾರಿಸುವ ಕ್ಲೋರಾಕ್ಸ್, ತನ್ನ ಹೆಲ್ಪ್‌ಡೆಸ್ಕ್ ನೋಡಿಕೊಳ್ಳುತ್ತಿದ್ದ, ಭಾರತದಲ್ಲೂ ಕಚೇರಿಗಳಿರುವ ಐಟಿ ಕಂಪನಿ ಕಾಗ್ನಿಜೆಂಟ್ ವಿರುದ್ಧ ಕ್ಯಾಲಿಫೋರ್ನಿಯಾ ನ್ಯಾಯಾಲಯಕ್ಕೆ ಹೋಯಿತು. 2023ರಲ್ಲಿ ಕರೆ ಮಾಡಿದ ಕಳ್ಳನಿಗೆ ಗುರುತು ಪರಿಶೀಲಿಸದೆ ಪಾಸ್‌ವರ್ಡ್ ಕೊಟ್ಟರು ಎಂಬುದು ಆರೋಪ, 38 ಕೋಟಿ ಡಾಲರ್ ಪರಿಹಾರದ ಬೇಡಿಕೆ. ತನ್ನ ಗುತ್ತಿಗೆ ಸೀಮಿತ ಹೆಲ್ಪ್‌ಡೆಸ್ಕ್ ಸೇವೆಗೆ ಮಾತ್ರ, ಸೈಬರ್ ಭದ್ರತೆ ತನ್ನ ಹೊಣೆಯಲ್ಲ ಎಂದು ಕಾಗ್ನಿಜೆಂಟ್ ಉತ್ತರಿಸಿತು. ತೀರ್ಪು ಏನೇ ಬರಲಿ, ರೀಸೆಟ್ ಮಾಡುವವರನ್ನು ಭದ್ರತೆಯ ಹೊರಗಿಟ್ಟು ನೋಡುವ ಕಾಲ ಮುಗಿಯಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ಮನೆಯಲ್ಲಿ ಕೂತು ಮಾಡುವವರು ಹೇಗೆ ಮಾಡಬೇಕು? ಉಪಾಯಗಳು ಇವೆ, ನಮ್ಮ ಮಳೆಗಾಲಕ್ಕೂ ಒಗ್ಗುವಂಥವು. ಅಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಲಾಗಿನ್ ಕೋಡ್‌ಗೆ ಟವರ್ ಬೇಕಿಲ್ಲ. 2011ರಲ್ಲಿ ಮಾನಕವಾದ ಆ ವಿಧಾನದಲ್ಲಿ ಫೋನು ಮತ್ತು ಸರ್ವರ್ ಒಂದೇ ಗುಟ್ಟನ್ನೂ ಗಡಿಯಾರವನ್ನೂ ಇಟ್ಟುಕೊಂಡು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅಂಕೆ ಹುಟ್ಟಿಸುತ್ತವೆ. ಫೋನಿನ ಗಡಿಯಾರ ಸರಿಯಿದ್ದರಾಯಿತು. ಓಟಿಪಿಗಾಗಿ ಬೆಟ್ಟ ಹತ್ತುತ್ತಿದ್ದ ನಮಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಕೆಲಸಕ್ಕೆ ಸೇರಿದ ದಿನವೇ ಕೊಡುವ, ಕಾಗದದ ಮೇಲೆ ಅಚ್ಚಾದ ಮರುಪಡೆಯುವ ಕೋಡ್‌ಗಳನ್ನು ಕಪಾಟಿನಲ್ಲಿ ತೋಟದ ಪಹಣಿಯ ಜೊತೆ ಇಟ್ಟುಕೊಳ್ಳಬಹುದು.

ವಿಪಿಎನ್ ಇಲ್ಲದೆ ಮನೆಯಲ್ಲಿರುವ ಲ್ಯಾಪ್‌ಟಾಪಿನದು ಬೇರೆಯೇ ತಕರಾರು. ಕಂಪನಿಯ ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಾದರೂ ವಿಂಡೋಸ್ ತನ್ನೊಳಗೆ ನೆನಪಿಟ್ಟ ಹಳೆಯದನ್ನೇ ಕೇಳುತ್ತದೆ. ಹೊಸದನ್ನು ಒತ್ತಿ ಒತ್ತಿ ಬಳಕೆದಾರ ಸುಸ್ತಾಗಿ ಮತ್ತೆ ಫೋನ್ ಮಾಡುತ್ತಾನೆ, ಸಹಾಯಕ ಮತ್ತೆ ರೀಸೆಟ್ ಮಾಡುತ್ತಾನೆ, ಗೊಂದಲ ಬೆಳೆಯುತ್ತದೆ. ಹಳೆಯದರಲ್ಲೇ ಒಳಹೋಗಿ, ವಿಪಿಎನ್ ಹಾಕಿ, ಪರದೆ ಲಾಕ್ ಮಾಡಿ, ಹೊಸದರಿಂದ ತೆರೆಯಿರಿ ಎಂದು ಸಮಾಧಾನದಿಂದ ಹೇಳಿದರೆ ಅರ್ಧ ಕರೆಗಳು ಕಡಿಮೆಯಾಗುತ್ತವೆ.

ಗುರುತು ಹಚ್ಚುವ ವಿಷಯಕ್ಕೆ ಬಂದರೆ, ಕರೆ ಮಾಡಿದವರು ಕೊಟ್ಟ ನಂಬರಿಗೆ ಎಂದೂ ವಾಪಸ್ ಮಾಡಬಾರದು. ಎಚ್‌ಆರ್ ದಾಖಲೆಯಲ್ಲಿರುವುದಕ್ಕೇ ಮಾಡಬೇಕು. ಅದು ಹತ್ತದಿದ್ದರೆ ಮ್ಯಾನೇಜರ್ ವೀಡಿಯೊದಲ್ಲಿ ಬಂದು ತನ್ನವನೆಂದು ಹೇಳಬೇಕು, ಅದೂ ಆಗದಿದ್ದರೆ ಬೆಳಗಿನವರೆಗೆ ಕಾಯಬೇಕು. ಪಾಸ್‌ವರ್ಡನ್ನು ಬಾಯಲ್ಲಿ ಹೇಳುವುದು ಬೇಡ. ಒಂದೇ ಸಲ ನಡೆಯುವ, ಬೇಗ ಅವಧಿ ಮುಗಿಯುವ ತಾತ್ಕಾಲಿಕ ಪಾಸ್ ಸಾಕು. ಸರ್ವರ್‌ಗಳ ಮೇಲೆ ಅಧಿಕಾರವಿರುವ ಅಡ್ಮಿನ್ ಖಾತೆಗಾದರೆ ಒಬ್ಬರ ಕೈಯಿಂದ ರೀಸೆಟ್ ಆಗಲೇಬಾರದು, ಟೀಮಿನ ಇನ್ನೊಬ್ಬರು ಒಪ್ಪಬೇಕು. ಕಳೆದುಹೋದ ಪಕ್ಕದ ಕಿವಿಯನ್ನು ಮರಳಿ ತರುವ ದಾರಿ ಅದು. ಎಲ್ಲಕ್ಕಿಂತ ಮೊದಲು, ರೀಸೆಟ್ ಕರೆಗಳನ್ನು ನಿಮಿಷದ ಲೆಕ್ಕದಿಂದ ಹೊರಗಿಡಬೇಕು. "ಆಗೋದಿಲ್ಲ, ಕಾಯಿರಿ" ಎಂದ ಹುಡುಗಿಯ ಅಂಕ ಕಡಿಮೆಯಾಗಬಾರದು.

ಈಗ ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀ ಬಂದಿದೆ. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ಇದಕ್ಕೆ ಬೆಂಬಲ ಘೋಷಿಸಿದವು. ಗುಟ್ಟು ಫೋನಿನಲ್ಲೋ ಕೀಲಿಯಂಥ ಸಣ್ಣ ಸಾಧನದಲ್ಲೋ ಇರುತ್ತದೆ, ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ, ಮರೆಯಲು ಏನೂ ಇಲ್ಲ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಫೋನು ಅಘನಾಶಿನಿಯ ದೋಣಿಯಲ್ಲಿ ಕೈಜಾರಿ ನೀರಿಗೆ ಬಿದ್ದವರು ಮಾರನೇ ದಿನ ಹೆಲ್ಪ್‌ಡೆಸ್ಕ್‌ಗೇ ಕರೆ ಮಾಡುತ್ತಾರೆ, ಬೇರೆಯವರ ಫೋನಿನಿಂದ. ಅದಕ್ಕೇ ಪ್ರತಿಯೊಬ್ಬರಿಗೂ ಎರಡನೆಯ ಕೀಲಿಯನ್ನು ಮೊದಲ ದಿನವೇ ನೋಂದಾಯಿಸಿ ಕೊಡಿ ಎಂದು ಕಂಪನಿಗಳನ್ನು ನಾವು ಕೇಳುತ್ತಲೇ ಇದ್ದೇವೆ.