ಶಿಲ್ಕು ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ

ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಕಾಲಕ್ಕೆ ರಾಯಚೂರಿನ ನನ್ನ ಕಚೇರಿಗೆ ಬರುವವರಲ್ಲಿ ಅನೇಕರು ಈಗ ಮನೆಯ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಇಡುತ್ತಾರೆ. ಇದು ಸಂತೋಷದ ವಿಷಯ. ಆದರೆ ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಹೋದವರು ಒಂದೇ ಮಾತು ಹೇಳುತ್ತಾರೆ: "ಎಲ್ಲವನ್ನೂ ಆಮದು ಮಾಡಿದ್ದೇನೆ ಸರ್, ಅಖೈರು ಶಿಲ್ಕು ಪಾಸ್‌ಬುಕ್ಕಿಗೆ ತಾಳೆಯಾಗಿದೆ." ಅಷ್ಟು ಹೇಳಿ ಹಳೆಯ ತಂತ್ರಾಂಶವನ್ನು ಅಳಿಸಿಯೂ ಬಂದಿರುತ್ತಾರೆ. ಎಷ್ಟು ಸಲ ಹೇಳಿದರೂ ಇದು ನಿಂತಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಶಿಲ್ಕು ಎಂದರೆ ಬಂದದ್ದರಲ್ಲಿ ಹೋದದ್ದನ್ನು ಕಳೆದು ಉಳಿದದ್ದು, ಅಷ್ಟೇ. ಹಣ ಯಾವ ದಿನ ಹೋಯಿತು, ಯಾವ ಬಾಬತ್ತಿಗೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ. ತೆರಿಗೆಗೆ ಬೇಕಾಗುವುದು ಆ ಎರಡೇ.

ದಿನಾಂಕವನ್ನೇ ನೋಡಿ. ಹಳೆಯ ತಂತ್ರಾಂಶದಿಂದ ಹೊರತೆಗೆದ ಕಡತದಲ್ಲಿ 04/03/2024 ಎಂದಿದೆ, ಮುಂದೆ ವಿಮಾ ಕಂತು 1,20,000 ರೂಪಾಯಿ. ನಮಗೆ ಅದು ಮಾರ್ಚ್ 4. ಅಮೆರಿಕದ ಕ್ರಮದಲ್ಲಿ ಓದುವ ತಂತ್ರಾಂಶಕ್ಕೆ ಅದು ಏಪ್ರಿಲ್ 3. 2023-24ರ ಹಣಕಾಸು ವರ್ಷದಲ್ಲಿ ಕಟ್ಟಿದ ಕಂತು 2024-25ಕ್ಕೆ ಜಾರಿತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿಯ ಕಡಿತ ಆ ವರ್ಷದ ಲೆಕ್ಕದಿಂದ ಮಾಯವಾಯಿತು. ಅಖೈರು ಶಿಲ್ಕಿನಲ್ಲಿ ಮಾತ್ರ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಇನ್ನೂ ಕಷ್ಟವೆಂದರೆ, 25/03/2024 ಎಂಬ ನಮೂದು ಹಲವು ತಂತ್ರಾಂಶಗಳಲ್ಲಿ ಸರಿಯಾಗಿಯೇ ಕೂರುತ್ತದೆ, ಏಕೆಂದರೆ ಇಪ್ಪತ್ತೈದನೆಯ ತಿಂಗಳು ಇಲ್ಲ. ಹನ್ನೆರಡನೆಯ ತಾರೀಖಿನವರೆಗಿನವು ತಲೆಕೆಳಗು, ಆಮೇಲಿನವು ನೆಟ್ಟಗೆ. ತಿಂಗಳ ಕೊನೆಯ ನಾಲ್ಕು ಸಾಲು ನೋಡಿದವರು ಎಲ್ಲವೂ ಸರಿಯಿದೆ ಎಂದುಕೊಂಡು ಎದ್ದುಬಿಡುತ್ತಾರೆ.

ಕ್ಯೂಐಎಫ್ ಎಂಬ ಹಳೆಯ ಮಾದರಿಯ ಕಡತದಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂಬ ಸೂಚನೆಯೇ ಇರುವುದಿಲ್ಲ. ಓಎಫ್ಎಕ್ಸ್ ಎಂಬ ಇನ್ನೊಂದು ಮಾದರಿಯ ಕಡತದಲ್ಲಿ ದಿನಾಂಕಕ್ಕೆ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮ. ಜೊತೆಗೆ ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಒಂದೇ ನಮೂದು ಎರಡು ಸಲ ಕೂರುವ ಸಂಭವವೂ ಕಡಿಮೆ. ಆಯ್ಕೆ ಇದ್ದರೆ ಇದನ್ನೇ ಬಳಸಿ.

ಎರಡನೆಯದು ಸ್ವಂತ ಖಾತೆಗಳ ನಡುವಿನ ವರ್ಗಾವಣೆ. ಸಿಂಧನೂರಿನ ಒಬ್ಬ ನಿವೃತ್ತ ಮಾಸ್ತರರು ನನ್ನ ಬಳಿಗೆ ಬರುತ್ತಾರೆ. ಬೆಂಕಿಪೊಟ್ಟಣದ ಖರ್ಚನ್ನೂ ಬಿಡದೆ ಬರೆಯುವವರು. ಅವರ ಲೆಕ್ಕ ನೋಡುವುದೇ ನನಗೆ ಖುಷಿ. ಅವರು ಪಿಂಚಣಿ ಖಾತೆಯಿಂದ 3,00,000 ರೂಪಾಯಿಯನ್ನು ಮುದ್ದತು ಠೇವಣಿಗೆ ಹಾಕಿದ್ದರು. ಎರಡು ಖಾತೆಗಳ ಕಡತಗಳನ್ನು ಬೇರೆ ಬೇರೆಯಾಗಿ ಆಮದು ಮಾಡಿದಾಗ ಹೊಸ ತಂತ್ರಾಂಶವು ಒಂದು ಕಡೆ ಅದನ್ನು ಖರ್ಚೆಂದೂ ಇನ್ನೊಂದು ಕಡೆ ಆದಾಯವೆಂದೂ ಬರೆದುಕೊಂಡಿತು. ಎರಡೂ ಖಾತೆಗಳ ಶಿಲ್ಕು ಸರಿಯಾಗಿಯೇ ಇತ್ತು. ಆದರೆ ವರ್ಷದ ಆದಾಯ ಮೂರು ಲಕ್ಷ ಉಬ್ಬಿತ್ತು. "ಇಷ್ಟು ರೊಕ್ಕ ನನಗೆ ಎಲ್ಲಿಂದ ಬಂತು ಸರ್, ಮುಂಗಡ ತೆರಿಗೆ ಕಟ್ಟಬೇಕಿತ್ತೇ?" ಎಂದು ಕೇಳುವಾಗ ಅವರ ಮುಖ ಬಾಡಿತ್ತು. ಆ ಎರಡು ನಮೂದುಗಳನ್ನು ಜೋಡಿಸಿ ಒಂದೇ ವರ್ಗಾವಣೆಯಾಗಿ ಮಾಡಿದ ಮೇಲೆ ಚಹಾ ಕುಡಿದು ಹೊರಟರು.

ಸಣ್ಣ ತೊಂದರೆಗಳು ಇನ್ನೂ ಇವೆ. 1,20,000ದ ಅಲ್ಪವಿರಾಮವನ್ನು ಅಂಕಣ ಬೇರ್ಪಡಿಸುವ ಗುರುತೆಂದು ತಿಳಿದು ಮೊತ್ತವನ್ನು ಮೂರು ತುಂಡು ಮಾಡುವುದುಂಟು. ಯೂನಿಕೋಡ್ ಅಲ್ಲದ ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಅಕ್ಷರಗಳಲ್ಲಿ ಬರೆದ ವಿವರಗಳು ಓದಲಾಗದಂತೆ ಕಲಸಿಹೋಗುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇವು ಕಣ್ಣಿಗೆ ಬೀಳುವುದರಿಂದ ನನಗೆ ಅಷ್ಟು ಚಿಂತೆಯಿಲ್ಲ.

ಹಾಗಾದರೆ ತಾಳೆ ನೋಡುವುದು ಹೇಗೆ? ಹಳೆಯ ತಂತ್ರಾಂಶದಿಂದ ಪ್ರತಿ ಖಾತೆಯ ಹನ್ನೆರಡೂ ತಿಂಗಳ ಕೊನೆಯ ಶಿಲ್ಕನ್ನು ಮುದ್ರಿಸಿಕೊಳ್ಳಿ, ಹೊಸದರ ಪಕ್ಕಕ್ಕಿಟ್ಟು ಒಂದೊಂದಾಗಿ ನೋಡಿ. ದಿನಾಂಕ ತಿರುಗಿದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ನಂತರ ವರ್ಷದ ಒಟ್ಟು ಆದಾಯ, ಒಟ್ಟು ಖರ್ಚು ಹೋಲಿಸಿ. ವರ್ಗಾವಣೆಯ ದೋಷ ಅಲ್ಲಿ ಸಿಗುತ್ತದೆ. ಇವೆರಡೂ ಮುಗಿಯುವವರೆಗೆ ಹಳೆಯದನ್ನು ಅಳಿಸಬೇಡಿ. ನಮ್ಮ ಗಂಜ್ ಮಾರುಕಟ್ಟೆಯ ಹಿರಿಯ ವ್ಯಾಪಾರಿಗಳು ಹೊಸ ಖಾತೆ ಪುಸ್ತಕಕ್ಕೆ ಶಿಲ್ಕನ್ನಷ್ಟೇ ಎಳೆದುಕೊಂಡು, ಹಳೆಯ ಪುಸ್ತಕವನ್ನು ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಿದ್ದರು. ಮನೆಯ ಲೆಕ್ಕಕ್ಕೂ ನನ್ನ ಸಲಹೆ ಹೆಚ್ಚುಕಡಿಮೆ ಅದೇ: ಏಪ್ರಿಲ್ 1ರ ಆರಂಭಿಕ ಶಿಲ್ಕಿನಿಂದ ಹೊಸದನ್ನು ಶುರು ಮಾಡಿ, ಹತ್ತು ವರ್ಷದ ಇತಿಹಾಸ ಹಳೆಯದರಲ್ಲೇ ಇರಲಿ.

ಷೇರು ಮತ್ತು ಮ್ಯೂಚುವಲ್ ಫಂಡ್ ಇರುವವರಿಗೆ ಮಾತ್ರ ಇದು ಸಾಲದು. ಯೂನಿಟ್ ಮಾರಿದಾಗ ಮೊದಲು ಕೊಂಡದ್ದೇ ಮೊದಲು ಮಾರಿದ್ದು ಎಂದು ಲೆಕ್ಕ ಹಿಡಿಯುವುದರಿಂದ ಪ್ರತಿ ಕಂತಿನ ಖರೀದಿ ದಿನಾಂಕ ಮತ್ತು ಬೆಲೆ ಬೇಕು. ಕೇವಲ ಇಂದಿನ ಮೌಲ್ಯವನ್ನು ಎಳೆದುಕೊಂಡರೆ ಆ ಮಾಹಿತಿ ಹೊಸ ಲೆಕ್ಕಕ್ಕೆ ಬರುವುದೇ ಇಲ್ಲ. ಈಗಾಗಲೇ ಕಳೆದುಕೊಂಡಿದ್ದರೆ, ಹೂಡಿಕೆದಾರರ ದಾಖಲೆ ಇಡುವ ಫಂಡ್ ರಿಜಿಸ್ಟ್ರಾರ್‌ಗಳಿಂದ ಮೊದಲ ಖರೀದಿಯಿಂದ ಹಿಡಿದು ಪೂರ್ತಿ ವ್ಯವಹಾರದ ಕ್ರೋಡೀಕೃತ ವಿವರಪಟ್ಟಿ ತರಿಸಿಕೊಳ್ಳಿ. ಮಾರುವ ಮೊದಲೇ ತರಿಸಿಕೊಂಡರೆ ನಿಮಗೂ ನಿಮ್ಮ ಲೆಕ್ಕಿಗರಿಗೂ ಜುಲೈ ತಿಂಗಳು ಹಗುರವಾಗುತ್ತದೆ.