ಖಾಲಿ ಅಂಗಳಕ್ಕೆ ಮುಚ್ಚಿದ ಗೇಟು

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯೊಂದರ ಲಿನಕ್ಸ್ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಬಿಲ್ಲುಗಳೂ ಸಿಸಿಟಿವಿ ದೃಶ್ಯಗಳೂ ಅದರಿಂದಲೇ ಹೊರಗೆ ಹೋಗಬೇಕು. ಹರಾಜು ಬಿರುಸಾದ ಹೊತ್ತಿನಲ್ಲೇ ನೆಟ್‌ವರ್ಕ್ ಸ್ತಬ್ಧವಾಗಿ, ಕೆಲವು ಸೆಕೆಂಡುಗಳ ಮೇಲೆ ಮತ್ತೆ ಏಳುತ್ತಿತ್ತು. ‘ಕೇಬಲ್ ಕಿತ್ತು ಸಿಕ್ಕಿಸಿದೆ ಅಣ್ಣ, ಸರಿಹೋಯಿತು’ ಎನ್ನುತ್ತಿದ್ದ ಗುಮಾಸ್ತ. ಕೇಬಲ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು. ಕಾಟ ತಪ್ಪಲಿಲ್ಲ.

ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆಯನ್ನು, ಅಂದರೆ ಲಾಗನ್ನು, ತೆರೆದ ದಿನ ನಿಜ ತಿಳಿಯಿತು. ನೆಟ್‌ವರ್ಕನ್ನು ಎಬ್ಬಿಸುತ್ತಿದ್ದುದು ಕರ್ನಲ್‌ನಲ್ಲಿ ನಿಗಾ ಇಡುವ ಭಾಗವಾದ ವಾಚ್‌ಡಾಗ್. ಹೊರಹೋಗಬೇಕಾದ ಪ್ಯಾಕೆಟ್‌ಗಳ (ಮಾಹಿತಿಯ ತುಣುಕುಗಳ) ಸಾಲು, ಅಂದರೆ ಕ್ಯೂ, ನಿಂತು ಸಾಮಾನ್ಯವಾಗಿ 5 ಸೆಕೆಂಡು ಅಲುಗಾಡದಿದ್ದರೆ ಅದು ‘ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’ ಎಂದು ಬರೆದು, ನೆಟ್‌ವರ್ಕ್ ಕಾರ್ಡನ್ನು ಚೇತರಿಸುವಂತೆ, ಆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೆ ಹೇಳುತ್ತದೆ.

ಕಳುಹಿಸಬೇಕಾದ ಪ್ಯಾಕೆಟ್‌ಗಳ ವಿವರವನ್ನು ಡ್ರೈವರ್ ಮೆಮೊರಿಯ ಒಂದು ರಿಂಗ್‌ನಲ್ಲಿ, ಅಂದರೆ ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬರುವ ಪಟ್ಟಿಯಲ್ಲಿ, ಬರೆದಿಡುತ್ತದೆ. ಎಷ್ಟೋ ಡ್ರೈವರ್‌ಗಳಲ್ಲಿ ಅದಕ್ಕೆ 256 ಮನೆಗಳು. ತುಂಬಿದಾಗ ಕ್ಯೂ ನಿಲ್ಲಿಸಬೇಕು, ತೆರವಾದಾಗ ಎಬ್ಬಿಸಬೇಕು. ಹಳೆಯ ಲಿನಕ್ಸ್‌ನಲ್ಲಿ ಇದಕ್ಕೆ ‘ಟಿಬಿಸಿ’ (tbusy) ಎಂಬ ಗುರುತು ಇತ್ತು. 2001ರ ಜನವರಿಯಲ್ಲಿ ಬಂದ 2.4ರಲ್ಲಿ ನಿಲ್ಲಿಸುವ, ಎಬ್ಬಿಸುವ ಫಂಕ್ಷನ್‌ಗಳು ಅದರ ಜಾಗ ಹಿಡಿದವು. ಮುಂದೆ ವೇಗಕ್ಕಾಗಿ ಅನೇಕ ಡ್ರೈವರ್‌ಗಳಲ್ಲಿ ಕಳುಹಿಸುವ ಭಾಗಕ್ಕೂ ಹೋದ ಪ್ಯಾಕೆಟ್‌ಗಳ ಮನೆಗಳನ್ನು ತೆರವು ಮಾಡುವ ಭಾಗಕ್ಕೂ ನಡುವೆ ಇದ್ದ ಲಾಕ್, ಅಂದರೆ ಎರಡೂ ಒಟ್ಟಿಗೆ ಕೈಹಾಕದಂತೆ ತಡೆಯುವ ಬೀಗ, ತೆಗೆಯಲಾಯಿತು. ಎಚ್ಚರ ತಪ್ಪಿದ ಕಡೆ ದೋಷ ನುಸುಳಿತು.

ಮಂಡಿಯ ಅಂಗಳವನ್ನೇ ನೆನೆಯಿರಿ. ಅಂಗಳವೇ ರಿಂಗ್, ಗೇಟಿನ ಕಾವಲುಗಾರ ಕಳುಹಿಸುವ ಭಾಗ, ಲಾರಿ ಹೊರಟಾಗ ಮುಚ್ಚಿದ ಗೇಟು ತೆರೆಸುವ ಒಳಗಿನವನು ತೆರವು ಮಾಡುವ ಭಾಗ. ಅಂಗಳ ತುಂಬಿದ್ದನ್ನು ಕಂಡ ಕಾವಲುಗಾರ ಗೇಟು ಮುಚ್ಚಲು ತಿರುಗುತ್ತಾನೆ. ಅಷ್ಟರಲ್ಲಿ ಲಾರಿಗಳೆಲ್ಲ ಹಿಂಬಾಗಿಲಿನಿಂದ ಹೊರಟುಹೋಗುತ್ತವೆ. ಒಳಗಿನವನು ನೋಡುತ್ತಾನೆ, ಗೇಟು ಇನ್ನೂ ತೆರೆದಿದೆ. ಹೇಳುವುದೇನೂ ಇಲ್ಲವೆಂದು ಸುಮ್ಮನಾಗುತ್ತಾನೆ. ಆಗ ಗೇಟು ಮುಚ್ಚುತ್ತದೆ. ಅಂಗಳ ಖಾಲಿ, ಹೊರಡಲು ಲಾರಿಯಿಲ್ಲ, ಗೇಟು ತೆರೆಸುವವರೂ ಇಲ್ಲ.

ಪರಿಹಾರ ಎರಡು ಮೂರು ಸಾಲಿನದು. ಕ್ಯೂ ನಿಲ್ಲಿಸಿದ ಮೇಲೆ ರಿಂಗನ್ನು ಇನ್ನೊಮ್ಮೆ ನೋಡಬೇಕು. ಜಾಗವಿದ್ದರೆ ತಕ್ಷಣ ಎಬ್ಬಿಸಬೇಕು. ಇಷ್ಟೇ ಸಾಲದು ಎಂಬುದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಒಂದು ಪ್ರೊಸೆಸರ್ ಬರೆದದ್ದು ಇನ್ನೊಂದಕ್ಕೆ ತಡವಾಗಿ ಕಾಣಬಹುದು. ಆದ್ದರಿಂದ ‘ನಿಲ್ಲಿಸು’ ಮತ್ತು ‘ನೋಡು’ಗಳ ನಡುವೆ ಮೆಮೊರಿ ಬ್ಯಾರಿಯರ್, ಅಂದರೆ ಓದು ಬರಹಗಳ ಕ್ರಮ ಅದಲುಬದಲಾಗದಂತೆ ಕಾಯುವ ಆದೇಶ, ಇರಬೇಕು, ತೆರವು ಮಾಡುವ ಕಡೆಯೂ ಅದಕ್ಕೆ ಜೋಡಿ ಬೇಕು. ಒಂದೇ ಕಡೆ ಹಾಕಿದರೆ ದೋಷ ಅಪರೂಪವಾಗುತ್ತದೆ, ಹೋಗುವುದಿಲ್ಲ. ಅಪರೂಪದ ದೋಷವನ್ನು ಹಿಡಿಯುವುದು ಇನ್ನೂ ಕಷ್ಟ.

ಈ ಸಾಲುಗಳನ್ನು ವರ್ಷಗಟ್ಟಲೆ ಒಂದೊಂದು ಡ್ರೈವರ್ ತಾನೇ ಬರೆದುಕೊಂಡಿತು, ಇಲ್ಲವೇ ಇನ್ನೊಂದರಿಂದ ನಕಲು ಮಾಡಿತು. 2023ರಲ್ಲಿ ಲಿನಕ್ಸ್ 6.4ಕ್ಕೆ ಎಲ್ಲ ಡ್ರೈವರ್‌ಗಳೂ ಬಳಸಬಹುದಾದ ಮ್ಯಾಕ್ರೋಗಳು, ಅಂದರೆ ಈ ಸಾಲುಗಳ ಸಿದ್ಧ ರೂಪಗಳು, ಬಂದವು. ಇದು ಬಹಳ ಹಿಂದೆಯೇ ಆಗಬೇಕಿತ್ತು.

ನಮ್ಮ ಮಂಡಿಯ ಡ್ರೈವರ್ ಅದಕ್ಕಿಂತ ಹಳೆಯದು, ಕೈಯಾರೆ ತಿದ್ದಬೇಕಾಯಿತು. ಒಂದು ಸುಗ್ಗಿ ಕಳೆದಿದೆ. ಲಾಗ್‌ನಲ್ಲಿ ಆ ಸಾಲು ಮತ್ತೆ ಕಂಡಿಲ್ಲ.